ಗೊತ್ತಿಲ್ಲದ ಭಾಷೆಗೆ ಹೆಬ್ಬೆಟ್ಟು ಒತ್ತಬೇಡಿ!

ಕನ್ನಡಿಗರೇ,

ದಾವಣಗೆರೆ, ಹರಿಹರದ ಕಟ್ಟೆಗಳ ಮೇಲೆ ಇಸ್ಪೀಟು ಹಿಡಿದವರಿಗೆ ಭಾಷೆಯ ತೊಡಕಿರಲಿಲ್ಲ. ಎಕ್ಕ, ರಾಜ, ರಾಣಿ, ಗುಲಾಮ ಎಲ್ಲವೂ ನಮ್ಮ ಮಾತೇ. ಇಂಗ್ಲಿಷಿನವರು ಹಾರ್ಟ್ ಎನ್ನುವುದು ನಮ್ಮವರ ಬಾಯಲ್ಲಿ ಆಟೀನು. ಜೂಜು ಕೆಟ್ಟದ್ದೇ. ಆದರೆ ಸೋತವನಿಗೆ ತಾನು ಹೇಗೆ ಸೋತೆನೆಂದಾದರೂ ಗೊತ್ತಿತ್ತು!

ಮೊಬೈಲಿಗೆ ಬಂದ ಪೋಕರ್ ಹಾಗಿರಲಿಲ್ಲ. ಕರೆಯುತ್ತಿದ್ದುದು ಕನ್ನಡದ ಜಾಹೀರಾತಿನಲ್ಲಿ, ಕರಾರು ಇಂಗ್ಲಿಷಿನಲ್ಲಿ! ಅರ್ಥ ನಾವು ಹೇಳುತ್ತೇವೆ, ಕೇಳಿ. 'ಬ್ಲೈಂಡ್' ಎಂದರೆ ಸರದಿ ಬಂದವನು ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣ. 'ಫೋಲ್ಡ್' ಎಂದರೆ ಕಟ್ಟಿದ್ದನ್ನು ಬಿಟ್ಟು ಎಲೆ ಕೆಳಗಿಡುವುದು. 'ಬ್ಲಫ್' ಎಂದರೆ ಕೈಯಲ್ಲಿ ಏನೂ ಇಲ್ಲದೆ ಹೆದರಿಸುವುದು. 'ಆಲ್ ಇನ್' ಎಂದರೆ ಮುಂದಿರುವುದನ್ನೆಲ್ಲ ಒಡ್ಡುವುದು. ಇನ್ನು 'ರೇಕ್'? ಗೆದ್ದವರು ಯಾರೇ ಆಗಲಿ, ಆಟ ನಡೆಸುವವನು ಪಣದ ರಾಶಿಯಿಂದ ಮುರಿದುಕೊಳ್ಳುವ ಪಾಲು. ಈ ಒಂದು ಪದವನ್ನು ಯಾವ ಜಾಹೀರಾತು ಕನ್ನಡದಲ್ಲಿ ಬಿಡಿಸಿ ಹೇಳಿತು ಸ್ವಾಮಿ?

2021ರಲ್ಲಿ ನಮ್ಮ ರಾಜ್ಯ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿತು. ಸಂತೋಷ. ಆದರೆ ರೋಗ ಪೋಕರ್ ಒಂದರದ್ದಲ್ಲ. ಸಾಲದ ಆ್ಯಪು, ವಿಮೆಯ ಕಾಗದ, ಎಲ್ಲದರಲ್ಲೂ ಇದೇ ಆಟ. 'ಐ ಅಗ್ರೀ' ಎಂದು ಮೊಬೈಲಿನ ಮೇಲೆ ಒತ್ತುವ ಬೆರಳು ಯಾವುದು? ಅದೇ ಹೆಬ್ಬೆಟ್ಟು! ಓದು ಬಲ್ಲ ಕನ್ನಡಿಗನನ್ನೂ ಹೆಬ್ಬೆಟ್ಟಿನವನನ್ನಾಗಿ ಮಾಡಿದ್ದಾರೆ.

ನಮ್ಮ ಹಣ ಮುಟ್ಟುವ ಪ್ರತಿಯೊಂದು ಕರಾರೂ ಕನ್ನಡದಲ್ಲಿರಲಿ. ಇಲ್ಲದಿದ್ದರೆ ಬೆರಳು ಹಿಂದಕ್ಕೆ ತೆಗೆಯಿರಿ!