ಭಾವಗೀತೆಯೂ ತೆರೆದ ಕಂಠವೂ

ಗಾಯಕನೊಬ್ಬನು ತನ್ನ ಧಾಟಿಯನ್ನು ಬದಲಿಸಿದನೆಂದರೆ ಕೇಳುಗರಲ್ಲಿ ಎರಡು ಪಕ್ಷಗಳಾಗುವುದು ಲೋಕರೂಢಿ. ಒಂದು ಪಕ್ಷದವರು 'ಹಳೆಯ ಇಂಪು ಹೋಯಿತಲ್ಲ' ಎಂದು ನಿಟ್ಟುಸಿರು ಬಿಡುತ್ತಾರೆ. ಇನ್ನೊಂದು ಪಕ್ಷದವರು 'ಹೊಸತು ಬಂದಿತಲ್ಲ, ಅದೇ ದೊಡ್ಡದು' ಎಂದು ಚಪ್ಪಾಳೆ ತಟ್ಟುತ್ತಾರೆ. ಈ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಆ ಬದಲಾವಣೆಯಿಂದ ಹಾಡಿನೊಳಗಿನ ಮಾತಿಗೆ ಲಾಭವಾಯಿತೆ, ನಷ್ಟವಾಯಿತೆ? ನನ್ನ ಅಲ್ಪಮತಿಗೆ ತೋರುವಂತೆ ಇದೇ ಮುಖ್ಯವಾದ ಪ್ರಶ್ನೆ. ನಮ್ಮ ಹಾಸನ ಜಿಲ್ಲೆಯವರೇ ಆದ ಸಿ. ಅಶ್ವತ್ಥ್ ಅವರ ಗಾಯನವನ್ನು ಮುಂದಿಟ್ಟುಕೊಂಡು ಇದನ್ನು ಸ್ವಲ್ಪ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಅಶ್ವತ್ಥರು ೧೯೩೯ನೆಯ ಇಸವಿ ಡಿಸೆಂಬರ್ ೨೯ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. ೨೦೦೯ರ ಡಿಸೆಂಬರ್ ೨೯ರಂದು, ಎಪ್ಪತ್ತು ತುಂಬಿದ ದಿನವೇ, ಬೆಂಗಳೂರಿನಲ್ಲಿ ತೀರಿಕೊಂಡರು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ಥಾನಿ ಸಂಗೀತವನ್ನು ಕಲಿತರು. ಹೊಟ್ಟೆಪಾಡಿಗೆ ಬೆಂಗಳೂರಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ೨೭ ವರ್ಷ ದುಡಿದರು. ನಾಟಕರಂಗದ ನಂಟು ಮೊದಲಿನಿಂದಲೂ ಇತ್ತು. ಮಾಸ್ತಿಯವರ ನಾಟಕವನ್ನು ಸಿ. ಆರ್. ಸಿಂಹ ಅವರು ೧೯೭೭ರಲ್ಲಿ 'ಕಾಕನಕೋಟೆ' ಎಂಬ ಚಿತ್ರವನ್ನಾಗಿ ಮಾಡಿದಾಗ ಅದಕ್ಕೆ ಸಂಗೀತ ಕೊಟ್ಟವರು ಇವರೇ. ಮುಂದೆ ಎಲ್. ವೈದ್ಯನಾಥನ್ ಅವರೊಡನೆ ಸೇರಿ 'ಅಶ್ವತ್ಥ್–ವೈದಿ' ಎಂಬ ಜೋಡಿ ಹೆಸರಿನಲ್ಲಿ ಹಲವು ಚಿತ್ರಗಳಿಗೆ ರಾಗ ಹಾಕಿದರು. ೧೯೮೧ರ 'ಆಲೆಮನೆ'ಯ ಹಾಡುಗಳನ್ನು ಕೇಳಿದವರಿಗೆ ಆ ಕಾಲದ ಅವರ ಹದ ಗೊತ್ತು. ಅಲ್ಲಿ ಎಲ್ಲವೂ ನಯ, ಎಲ್ಲವೂ ಇಂಪು, ಕೈಯಿಂದ ಸವರಿ ಇಟ್ಟಂತಹ ಕೆಲಸ.

ಇಂಥವರು ಶಿಶುನಾಳ ಶರೀಫ ಸಾಹೇಬರ ಪದಗಳಿಗೆ ಬಂದಾಗ ಬೇರೊಬ್ಬ ಮನುಷ್ಯನೇ ಹಾಡುತ್ತಿರುವನೋ ಎನ್ನುವಂತೆ ಆದರು. ಕಂಠ ತೆರೆಯಿತು, ದನಿ ತಾರಸ್ಥಾಯಿಗೆ ಏರಿ ಅಲ್ಲಿಯೇ ನಿಂತಿತು. ಹಾಡುವಿಕೆಯಲ್ಲಿ ಕೂಗು, ಕರೆ, ನಗೆ, ಗದರಿಕೆ ಎಲ್ಲವೂ ಬಂದವು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ನಾಡಿಗೆ ಪರಿಚಯಿಸಿ 'ಶರೀಫ ಭಟ್ಟ'ರೆಂದೇ ಹೆಸರಾದರು. ಆ ಪದಗಳಿಗೆ ದನಿಯಾದವರು ಅಶ್ವತ್ಥರು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಿತು. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು ಅಭಿನಯಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ಚಿತ್ರದಿಂದಲೂ ಧ್ವನಿಸುರುಳಿಗಳಿಂದಲೂ ಶರೀಫರು ಜಾತ್ರೆಗೆ, ಬಸ್ಸಿಗೆ, ಚಹದಂಗಡಿಗೆ ಬಂದರು. ಆಗಲೇ ಆಕ್ಷೇಪಣೆಯೂ ಹುಟ್ಟಿತು. ಇದು ಭಾವಗೀತೆಯಲ್ಲ, ಅಬ್ಬರ; ಹಾಡುವುದಲ್ಲ, ಕೂಗುವುದು ಎಂಬ ಮಾತು ಇಂದಿಗೂ ನಿಂತಿಲ್ಲ.

ಈ ಆಕ್ಷೇಪಣೆಯನ್ನು ತೂಗಿನೋಡುವ ಮುನ್ನ ಭಾವಗೀತೆಯ 'ಇಂಪು' ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ಮೆತ್ತನೆಯ ದನಿಯಲ್ಲಿ ಕವಿತೆಯನ್ನು ಹಾಡುವುದೇ ಸನಾತನ ಪದ್ಧತಿಯೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಮೈಕಿನ ಕೂಸು. ಮೈಕು ಇಲ್ಲದ ಕಾಲದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳ ನಟರು ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮುಟ್ಟುವಂತೆ ಹಾಡಬೇಕಾಗಿತ್ತು. ಮೆಲ್ಲಗೆ ಹಾಡಿದವನಿಗೆ ಅಲ್ಲಿ ಅನ್ನವಿರಲಿಲ್ಲ. ಬಾಯಿಯ ಹತ್ತಿರಕ್ಕೆ ಯಂತ್ರ ಬಂದ ಮೇಲೆ ಪಿಸುಮಾತನ್ನೂ ಸಾವಿರ ಜನಕ್ಕೆ ತಲಪಿಸಬಹುದಾಯಿತು. ಪಿ. ಕಾಳಿಂಗರಾಯರ ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಜಾಗ. ಅಷ್ಟರೊಳಗೆ ಕವಿತೆಯನ್ನು ಹಿಡಿಸಬೇಕಾಗಿತ್ತು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದಿತು. ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಒಬ್ಬ ಕವಿಯೊಡನೆ ಒಂದು ಹೊತ್ತು ಮನೆಯಲ್ಲಿ ಕುಳಿತು ಕಳೆಯುವ ಸುಖ ಅಂದಿನಿಂದ ದೊರೆಯಿತು. ಮನೆಯಲ್ಲಿ ಕುಳಿತು ಕೇಳುವ ಹಾಡಿಗೆ ಮನೆಯ ದನಿ ಸಾಕು. ಹೀಗೆ ಯಂತ್ರವೂ ಕೇಳುವ ಸ್ಥಳವೂ ಸೇರಿ ಒಂದು ಮರ್ಯಾದೆಯನ್ನು ಕಟ್ಟಿದವು. ಕಾಲಕ್ರಮದಲ್ಲಿ ಆ ಮರ್ಯಾದೆಯನ್ನೇ ನಾವು ಸಂಗೀತದ ನಿಯಮವೆಂದು ಎಣಿಸಿದೆವು.

ಆದುದರಿಂದ ಅಶ್ವತ್ಥರು ಮಾಡಿದ್ದು ಹೊಸತೆನ್ನುವುದಕ್ಕಿಂತ ಹಳೆಯದನ್ನು ತಿರುಗಿ ತಂದದ್ದೆನ್ನುವುದು ನ್ಯಾಯ. ಏಕತಾರಿಯನ್ನೋ ದಮ್ಮಡಿಯನ್ನೋ ಹಿಡಿದು ಊರ ಕಟ್ಟೆಯ ಮೇಲೆ ತತ್ತ್ವಪದ ಹಾಡುವವನು ಎಂದೂ ಪಿಸುಗುಟ್ಟಿದವನಲ್ಲ. ಶರೀಫರು ೧೮೧೯ರಿಂದ ೧೮೮೯ರವರೆಗೆ ಬಾಳಿದವರು. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು. ಅವರ ಪದಗಳು ನಾಲ್ಕು ಜನರ ನಡುವೆ ಹುಟ್ಟಿ ನಾಲ್ಕು ಜನರನ್ನು ಎಬ್ಬಿಸುವುದಕ್ಕಾಗಿ ಇರತಕ್ಕವು. ಮನೆಯ ಮಾಳಿಗೆ ಸೋರುತ್ತಿದೆಯೆಂಬ ಅವರ ಪ್ರಸಿದ್ಧವಾದ ಪದವನ್ನೇ ತೆಗೆದುಕೊಳ್ಳಿ. ಅಲ್ಲಿ ಮಾಳಿಗೆಯೆಂದರೆ ಈ ದೇಹ, ಸೋರುವುದೆಂದರೆ ಅಜ್ಞಾನ ಎಂದು ಪಂಡಿತರು ಅರ್ಥ ಹೇಳುತ್ತಾರೆ, ಹೇಳಲಿ. ಆದರೆ ಮೊದಲು ಕಾಣುವುದು ಸೋರುವ ಮನೆ, ಕತ್ತಲೆ, ಮೇಲೆ ಹತ್ತಿ ಸರಿಮಾಡುವವರಿಲ್ಲದ ಕಳವಳ. ಮನೆ ಸೋರುತ್ತಿರುವಾಗ ಯಾರಾದರೂ ಪಿಸುಮಾತಿನಲ್ಲಿ ಹೇಳುತ್ತಾರೆಯೆ? ಅಶ್ವತ್ಥರು ಅದನ್ನು ಕೂಗಿ ಹೇಳಿದರು, ಹೇಳಬೇಕಾದ ರೀತಿಯಲ್ಲಿಯೇ ಹೇಳಿದರು. ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು 'ಮಾಳಿಗೆ'ಯನ್ನು ನಮ್ಮ ಕಡೆಯ ಉಚ್ಚಾರಕ್ಕೆ ಎಳೆಯದೆ 'ಮಾಳಿಗಿ' ಎಂದೇ ಹಾಡಿದ್ದನ್ನೂ ಗಮನಿಸಬೇಕು. ಕಂಠ ಬದಲಾದುದಕ್ಕೂ ನಾಲಗೆ ಬದಲಾದುದಕ್ಕೂ ಕಾರಣ ಒಂದೇ: ಪದ ಬೇಡಿದ್ದನ್ನು ಕೊಡುವುದು.

ಇದಕ್ಕೆ ಬೇರೊಂದು ಸಾಕ್ಷಿಯೂ ಉಂಟು. ಅಬ್ಬರವೇ ಅವರ ಚಟವಾಗಿದ್ದರೆ ಶರೀಫರಾದ ಎರಡೇ ವರ್ಷಕ್ಕೆ, ೧೯೯೨ರಲ್ಲಿ, ನಾಗಾಭರಣರದೇ 'ಮೈಸೂರ ಮಲ್ಲಿಗೆ' ಚಿತ್ರಕ್ಕೆ ಅವರು ಸಂಗೀತ ಕೊಟ್ಟ ಬಗೆಯನ್ನು ಹೇಗೆ ವಿವರಿಸುವುದು? ಕೆ. ಎಸ್. ನರಸಿಂಹಸ್ವಾಮಿಯವರ ಆ ಸಂಕಲನ ೧೯೪೨ರದು. ಅದರ ಲೋಕ ಹೊಸದಾಗಿ ಮದುವೆಯಾದ ಗಂಡಹೆಂಡಿರ ಲೋಕ. ಹೆಂಡತಿಗೆ ಹೇಳುವ ಮಾತನ್ನು ಬೀದಿಗೆ ಕೇಳುವಂತೆ ಹೇಳುವ ಗಂಡನನ್ನು ರಸಿಕನೆನ್ನಲಾಗದು. ಅಶ್ವತ್ಥರು ಅಲ್ಲಿ ದನಿಯನ್ನು ಇಳಿಸಿದರು, ಮಟ್ಟನ್ನು ಮೃದುಮಾಡಿದರು, ಮಾತಿನ ನಡುವೆ ಬಿಡುವು ಕೊಟ್ಟರು. ಮುಂದೆ ೧೯೯೭ರ 'ನಾಗಮಂಡಲ'ದಲ್ಲಿ ಮತ್ತೆ ಉತ್ತರ ಕರ್ನಾಟಕದ ಜಾನಪದದ ಗತ್ತಿಗೆ ಹೋದರು. ಹೀಗೆ ಹೋಗಿಬರುವ ಶಕ್ತಿ ಇದ್ದವನನ್ನು ಧಾಟಿ ಬಿಟ್ಟವನೆಂದು ದೂರುವುದು ಸರಿಯಲ್ಲ.

ಅಶ್ವತ್ಥರು ಮಾಡಿದ್ದೆಲ್ಲವೂ ಸರಿ ಎಂಬ ವಾದ ನನ್ನದಲ್ಲ. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತ್ತು. ಕವಿತೆ ಕೇಳುವುದಕ್ಕೆ ಅಷ್ಟು ಜನ ಸೇರಿದರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆದರೂ ಅಂಥ ಮೈದಾನದ ಹಾಡಿಗೆ ಒಂದು ಅಪಾಯವುಂಟು. ದೊಡ್ಡ ಮೇಳ, ದೊಡ್ಡ ಗುಂಪು, ದೊಡ್ಡ ದನಿ ಮೂರೂ ಸೇರಿದಾಗ ಒಬ್ಬಂಟಿಯಾಗಿ ಕುಳಿತು ಓದಬೇಕಾದ ಕವಿತೆಯೂ ಮೆರವಣಿಗೆಯ ಘೋಷಣೆಯಂತೆ ಕೇಳಿಸುತ್ತದೆ. ಅವರ ಅನುಕರಣಕಾರರಲ್ಲಂತೂ ಈ ದೋಷ ಎದ್ದು ಕಾಣುತ್ತದೆ. ಅವರು ಗುರುವಿನ ಏರುದನಿಯನ್ನು ಹಿಡಿದರು; ಗುರು ಯಾವಾಗ ಇಳಿಯುತ್ತಿದ್ದರೆಂಬುದನ್ನು ಬಿಟ್ಟರು.

ಧಾಟಿ ಬದಲಿಸಿ ಮಾತು ಕೇಳಿದವರಲ್ಲಿ ಅಶ್ವತ್ಥರು ಮೊದಲಿಗರಲ್ಲ. ೧೯೬೫ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರನ್ನು ಹಿಡಿದು ನಿಂತಾಗ ಸಭಿಕರಲ್ಲಿ ಕೆಲವರು ಕೂಗಿ ಧಿಕ್ಕರಿಸಿದರು. ಅದೇ ಮನುಷ್ಯನಿಗೆ ೨೦೧೬ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಿತು. ಅಷ್ಟು ದೂರ ಹೋಗುವುದೇಕೆ? ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗಕ್ಕೆ ತುತ್ತಾಗಿ ಮಧ್ಯಪ್ರದೇಶದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಆಗ ಅವರ ಕಿವಿಗೆ ಬಿದ್ದದ್ದು ಮಾಳವದ ಹಳ್ಳಿಗರ ಹಾಡು. ಗುಣವಾಗಿ ಎದ್ದು ಹಾಡಿದಾಗ ಉದ್ದನೆಯ ಉಸಿರು ಹೋಗಿತ್ತು. ಅದರ ಬದಲು ತುಂಡು ತುಂಡಾಗಿ ಹಾರುವ ಬೇರೊಂದು ಚೆಲುವು ಬಂದಿತ್ತು. ಕಬೀರನ ನಿರ್ಗುಣ ಪದಗಳು ಆ ಕಂಠಕ್ಕಾಗಿಯೇ ಕಾದಿದ್ದವೋ ಎನ್ನಿಸುತ್ತದೆ. ಒಬ್ಬರಿಗೆ ಕಬೀರ, ಇನ್ನೊಬ್ಬರಿಗೆ ಶರೀಫ. ಇಬ್ಬರನ್ನೂ ಬದಲಿಸಿದವರು ಸಂತರೇ ಎಂಬುದು ಸ್ವಾರಸ್ಯವಾಗಿದೆ.

ಧಾಟಿಯ ವಿಷಯದಲ್ಲಿ ಸ್ಥಳವೂ ಸಂದರ್ಭವೂ ಎಷ್ಟು ಮುಖ್ಯವೆಂಬುದಕ್ಕೆ ನಾವು ಸಮಾರಂಭಗಳಲ್ಲಿ ಎದ್ದು ನಿಂತು ಹಾಡುವ ನಾಡಗೀತೆಯೇ ನಿದರ್ಶನ. ಕುವೆಂಪು ಅವರ ಈ ಕವಿತೆ ೨೦೦೪ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಅನಂತಸ್ವಾಮಿಯವರದೊಂದು ಧಾಟಿ, ಅಶ್ವತ್ಥರದೊಂದು ಧಾಟಿ. ಬಹುಕಾಲದ ಚರ್ಚೆಯ ಅನಂತರ ೨೦೨೨ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಹಾಡುವ ಅವಧಿಯನ್ನು ೨ ನಿಮಿಷ ೩೦ ಸೆಕೆಂಡು ಎಂದು ಗೊತ್ತುಮಾಡಿತು. ಶ್ರುತಿಜ್ಞಾನವಿದ್ದವರೂ ಇಲ್ಲದವರೂ ಕೂಡಿ ಹಾಡಬೇಕಾದ ಗೀತೆಗೆ ನೇರವಾದ ಮಟ್ಟು ಒಳ್ಳೆಯದು. ಈ ನಿರ್ಧಾರ ನನಗೆ ಒಪ್ಪಿಗೆ. ಒಬ್ಬ ಸಮರ್ಥ ಗಾಯಕನು ವೇದಿಕೆಯಲ್ಲಿ ಒಬ್ಬನೇ ಹಾಡುವಾಗ ಅಶ್ವತ್ಥರ ಧಾಟಿಯ ವಿಸ್ತಾರಕ್ಕೆ ಬೇರೆ ಸೊಗಸುಂಟು. ಒಂದನ್ನು ಆರಿಸಿದ ಮಾತ್ರಕ್ಕೆ ಇನ್ನೊಂದನ್ನು ಹಳಿಯಬೇಕಾಗಿಲ್ಲ.

ಇಷ್ಟನ್ನೆಲ್ಲ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇಕೆಂದು ಸಹಪಾಠಿಗಳು ಕೇಳಬಹುದು. ಈ ಪ್ರಶ್ನೆ ನಮ್ಮ ಬಾಗಿಲಿಗೇ ಬಂದಿದೆ. ಅಂತರ ಕಾಲೇಜು ಭಾವಗೀತೆ ಸ್ಪರ್ಧೆಯೊಂದರಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳು ಶರೀಫರ ಪದವನ್ನು ಶ್ರುತಿಗೆ ಚ್ಯುತಿಯಿಲ್ಲದೆ, ತೆರೆದ ಕಂಠದಲ್ಲಿ ಹಾಡಿದಳು. ತೀರ್ಪುಗಾರರೊಬ್ಬರು 'ದನಿಯನ್ನು ಸ್ವಲ್ಪ ನಾಗರಿಕವಾಗಿ ಇಟ್ಟುಕೊಳ್ಳಮ್ಮ' ಎಂದರು. ಆಕೆ ಮತ್ತೆ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ನಾನು ಬಿಕ್ಕೋಡಿನವನು. ಬೇಲೂರು ತಾಲ್ಲೂಕಿನ ನಮ್ಮ ಕಡೆ ಗದ್ದೆ ನಾಟಿಯ ಕಾಲದಲ್ಲಿ ಒಂದು ಬದುವಿನ ಹೆಂಗಸರು ಎತ್ತಿದ ಪದವನ್ನು ಮತ್ತೊಂದು ಬದುವಿನವರು ಹಿಡಿಯುತ್ತಾರೆ. ನಡುವೆ ಮಳೆಯ ಸದ್ದು, ಹಳ್ಳದ ಸದ್ದು. ಆನೆ ಬಂತೆಂದು ಒಂದು ಕಾಫಿ ತೋಟದಿಂದ ಇನ್ನೊಂದಕ್ಕೆ ಕೂಗಿ ಹೇಳಬೇಕಾದ ಊರು ನಮ್ಮದು. ಇಂಥಲ್ಲಿ ಬೆಳೆದ ಕಂಠಕ್ಕೆ ಅನಾಗರಿಕವೆಂಬ ಪಟ್ಟ ಕಟ್ಟಿದರೆ ಆ ಮಾತು ಒಬ್ಬ ಹುಡುಗಿಗೆ ತಗಲುವುದಿಲ್ಲ, ಅವಳ ತಾಯಿಗೂ ಅಜ್ಜಿಗೂ ತಗಲುತ್ತದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿ ತರಗತಿಯಲ್ಲಿ ತನ್ನ ಮಾತಿಗೆ ನಾಚುವುದನ್ನು ಅಧ್ಯಾಪಕರು ದಿನವೂ ನೋಡುತ್ತಾರೆ. ಹಾಡಿಗೂ ನಾಚುವಂತಾಗಬೇಕೆ?

ಹಾಡುವ ನಮ್ಮಲ್ಲಿಯೂ ತಪ್ಪಿಲ್ಲದಿಲ್ಲ. ಈಗ ಹಲವರು ಮೊಬೈಲಿನಲ್ಲಿ ಕರೋಕೆ ಹಚ್ಚಿಕೊಂಡು ಹಾಡುತ್ತಾರೆ. ಕರೋಕೆ ಜಪಾನಿನಿಂದ ಬಂದ ಮಾತು. 'ಬರಿದಾದ ವಾದ್ಯಮೇಳ' ಎಂಬುದು ಅದರ ಅರ್ಥ. ಗಾಯಕನನ್ನು ತೆಗೆದುಹಾಕಿ ಉಳಿಸಿದ ಆ ಮೇಳದ ಶ್ರುತಿ ಆ ಗಾಯಕನ ಗಂಟಲಿನ ಅಳತೆಗೆ ಇರತಕ್ಕದ್ದು. ಅಶ್ವತ್ಥರ ಅಳತೆಗೆ ಹೊಲಿದ ಅಂಗಿಯನ್ನು ಹದಿನೆಂಟರ ಹುಡುಗ ತೊಟ್ಟು ನಿಂತರೆ ಗಂಟಲಿನ ನರ ಉಬ್ಬುತ್ತದೆಯೇ ಹೊರತು ಪದ ಕೇಳಿಸುವುದಿಲ್ಲ. ತೆರೆದ ಕಂಠವೆಂದರೆ ತನ್ನ ಕಂಠವನ್ನು ತೆರೆಯುವುದು. ಬೇರೆಯವರ ಕಂಠವನ್ನು ಎರವಲು ತರುವುದಲ್ಲ.

ಈ ಕಾರಣದಿಂದ ಕಾಲೇಜಿನ ಸಾಂಸ್ಕೃತಿಕ ಸಂಘದವರಿಗೂ ಗುರುಗಳಿಗೂ ಎರಡು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು, ಮುಂದಿನ ವರ್ಷದಿಂದ ಭಾವಗೀತೆಯ ಜೊತೆಗೆ ತತ್ತ್ವಪದ, ನಾಟಿಯ ಪದ, ಸೋಬಾನೆಗಳಿಗೂ ಅದೇ ವೇದಿಕೆಯಲ್ಲಿ, ಅದೇ ಗೌರವದ ಬಹುಮಾನವಿರಲಿ. ಎರಡನೆಯದು, ಸ್ಪರ್ಧಿಯು ಹಾಡುವ ಮೊದಲು ಕವಿತೆಯನ್ನು ಒಮ್ಮೆ ಓದಿ ಹೇಳಲಿ. ಆ ಮಾತು ಮನೆಯೊಳಗಿನದೋ ಬಯಲಿನದೋ ಎಂಬುದು ಆಗ ತೀರ್ಪುಗಾರರಿಗೂ ತಿಳಿಯುತ್ತದೆ, ಹಾಡುವವರಿಗೂ ತಿಳಿಯುತ್ತದೆ. ಮನೆಯೊಳಗಿನ ಮಾತನ್ನು ಕೂಗಿದವನಿಗೂ, ಬಯಲಿನ ಮಾತನ್ನು ಪಿಸುಗುಟ್ಟಿದವನಿಗೂ ಅಂಕ ಸಮನಾಗಿಯೇ ಕಡಿಮೆಯಾಗಲಿ. ಅಶ್ವತ್ಥರ ಜಿಲ್ಲೆಯಲ್ಲಿ ಓದುವ ನಾವು ಅವರಿಂದ ಕಲಿಯಬೇಕಾದುದು ಏರುದನಿಯನ್ನೂ ಅಲ್ಲ, ಇಳಿದನಿಯನ್ನೂ ಅಲ್ಲ. ಯಾವ ಪದಕ್ಕೆ ಯಾವುದು ಎಂಬ ವಿವೇಕವನ್ನು.