ನಾಲ್ಕು ದಾರಿಗೆ ಒಂದೇ ಗಂಟು

ಮಕ್ಕಳೇ, ನಮ್ಮ ಓಣಿಯ ಆರನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಕೇಳಿದಳು: "ಮೆಜೆಸ್ಟಿಕ್‌ನಾಗ ನೆಲದ ಒಳಗ ಎರಡು ರೈಲು ಅಡ್ಡ ಬರ್ತಾವಂತಲ್ಲ, ಡಿಕ್ಕಿ ಹೊಡಿಯೋದಿಲ್ಲೇನು?" ಪಕ್ಕದಲ್ಲೇ ಕುಳಿತಿದ್ದ ಅವಳ ಅಜ್ಜನ ಚಿಂತೆ ಬೇರೆ. ಮಗಳ ಮನೆಗೆ ಹೋಗಲು ಅವರು ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಬೇಕು. "ಆ ಗದ್ಲದಾಗ ಎಲ್ಲಿ ತಪ್ಪಿಸ್ಕೊಂತೀನೋ ಏನೋ" ಎಂದು ಅವರು ಎರಡು ವರ್ಷದಿಂದ ಬೆಂಗಳೂರಿಗೇ ಹೋಗಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಅಜ್ಜ, ಅಜ್ಜಿ ಇದ್ದಾರೆ. ಅದಕ್ಕೇ ಈ ವಾರ ಆ ನಿಲ್ದಾಣದ ಕಥೆ ಹೇಳುತ್ತೇನೆ. ಅದನ್ನು ಹೇಗೆ ಕಟ್ಟಿದ್ದಾರೆಂದು ತಿಳಿದರೆ ಅರ್ಧ ಅಂಜಿಕೆ ಅಲ್ಲೇ ಹೋಗುತ್ತದೆ.

ಮೊದಲು ಡಿಕ್ಕಿಯ ಮಾತು. ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ ಹೋಗುವ ನಮ್ಮ ರೈಲು ದಾರಿಗೆ ಒಂದೇ ಜೋಡಿ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಒಂದು ಗಾಡಿ ನಿಲ್ದಾಣದಲ್ಲಿ ನಿಂತು ದಾರಿ ಬಿಡಬೇಕು. ಅದಕ್ಕೇ 'ಕ್ರಾಸಿಂಗ್ ಐತಿ' ಎನ್ನುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಎರಡು ದಾರಿಗಳು ಒಂದರ ಮೇಲೊಂದು ಹಾದುಹೋಗುತ್ತವೆ. ಪೂರ್ವ ಪಶ್ಚಿಮಕ್ಕೆ ಓಡುವ ನೇರಳೆ ಮಾರ್ಗ ಮೇಲಿನ ಅಂತಸ್ತಿನಲ್ಲಿ, ಉತ್ತರ ದಕ್ಷಿಣಕ್ಕೆ ಓಡುವ ಹಸಿರು ಮಾರ್ಗ ಅದಕ್ಕಿಂತ ಕೆಳಗೆ. ಮಾಳಿಗೆಯ ಮೇಲೆ ಒಬ್ಬರು, ಪಡಸಾಲೆಯಲ್ಲಿ ಒಬ್ಬರು ನಡೆದಾಡಿದ ಹಾಗೆ. ಒಬ್ಬರಿಗೊಬ್ಬರು ಅಡ್ಡ ಬರುವ ಮಾತೇ ಇಲ್ಲ. ಅಲ್ಲಿ ದಾರಿ ಬದಲಿಸುವುದು ರೈಲಲ್ಲ, ಮೆಟ್ಟಿಲು ಹತ್ತಿ ಇಳಿಯುವ ಮನುಷ್ಯ.

ಈಗ ಆ ಜಾಗದ ಹಳೆಯ ಕಥೆ. ಅಲ್ಲಿ ಮೊದಲು ಇದ್ದದ್ದು ಧರ್ಮಾಂಬುಧಿ ಎಂಬ ಕೆರೆ. ಕೆಂಪೇಗೌಡರ ಕಾಲದ್ದು ಎನ್ನುತ್ತಾರೆ. ಬೆಂಗಳೂರು ಪೇಟೆಯ ಜನಕ್ಕೆ ಅದರ ನೀರೇ ಆಧಾರ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕೆರೆಯ ಮೇಲಿನ ಅಕ್ಕರೆ ಕಡಿಮೆಯಾಯಿತು. ಕೆರೆ ಬತ್ತಿ ಮೈದಾನವಾಯಿತು. ಮುಂದೆ ಆ ಜಾಗದಲ್ಲೇ ಬಸ್ ನಿಲ್ದಾಣ ಎದ್ದಿತು. ಹತ್ತಿರ ಇದ್ದ 'ಮೆಜೆಸ್ಟಿಕ್' ಎಂಬ ಚಿತ್ರಮಂದಿರದ ಹೆಸರು ಇಡೀ ಬಡಾವಣೆಗೆ ಅಂಟಿಕೊಂಡಿತು. ಆ ಚಿತ್ರಮಂದಿರ ಈಗಿಲ್ಲ, ಹೆಸರು ಉಳಿದಿದೆ. ಕೆರೆಯೂ ಈಗಿಲ್ಲ, ಆದರೆ ಅಲ್ಲಿನ ಒಂದು ಬೀದಿಗೆ ಇಂದಿಗೂ 'ಟ್ಯಾಂಕ್ ಬಂಡ್ ರಸ್ತೆ' ಎನ್ನುತ್ತಾರೆ. ಅಂದರೆ ಕೆರೆ ಏರಿಯ ರಸ್ತೆ.

ಹಡಗಲಿ ಮಲ್ಲಿಗೆಯ ದಂಡೆ ಕಟ್ಟುವಾಗ ನಿಮ್ಮ ಅಜ್ಜಿ ಕೊನೆಗೊಂದು ಬಿಗಿ ಗಂಟು ಹಾಕುವುದನ್ನು ನೋಡಿದ್ದೀರಲ್ಲ? ನಮ್ಮ ಮೆಟ್ರೊದ ಮೊದಲ ಹಂತದಲ್ಲೂ ಹಾಗೇ ಆಯಿತು. 2011ರ ಅಕ್ಟೋಬರ್ 20ರಂದು ಪೂರ್ವದಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೊದಲ ರೈಲು ಓಡಿತು. 2014ರಲ್ಲಿ ಉತ್ತರದ ತುಂಡು, 2015ರಲ್ಲಿ ಪಶ್ಚಿಮದ ತುಂಡು ಶುರುವಾದವು. ಆದರೆ ಒಂದಕ್ಕೊಂದು ಸಂಬಂಧವಿಲ್ಲ. ನಡುವಿನ ಸುರಂಗ ಇನ್ನೂ ಮುಗಿದಿರಲಿಲ್ಲ.

ಯಾಕೆ ತಡ? ನಮ್ಮ ಗುಡೇಕೋಟೆಯ ಕರಡಿಧಾಮದ ಗುಡ್ಡಗಳನ್ನು ನೆನೆಸಿಕೊಳ್ಳಿ. ಅಂಥದೇ ಕಗ್ಗಲ್ಲಿನ ಬಂಡೆ ಬೆಂಗಳೂರಿನ ನೆಲದಡಿಯಲ್ಲೂ ಇದೆ. ಬರೀ ಬಂಡೆಯಾದರೂ ಕೊರೆಯಬಹುದು, ಬರೀ ಮಣ್ಣಾದರೂ ಕೊರೆಯಬಹುದು. ಎರಡೂ ಬೆರೆತರೆ ಯಂತ್ರದ ಹಲ್ಲು ಸವೆಯುತ್ತದೆ, ಕೆಲಸ ನಿಲ್ಲುತ್ತದೆ. ಸುರಂಗ ಕೊರೆದ ಯಂತ್ರಗಳಿಗೆ ಹೆಲೆನ್, ಮಾರ್ಗರೀಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂದೆಲ್ಲ ಹೆಸರಿಟ್ಟಿದ್ದರು. ನಿಲ್ದಾಣಕ್ಕೆ ಮಾತ್ರ ಬಾವಿ ತೋಡಿದಂತೆ ಮೇಲಿನಿಂದಲೇ ದೊಡ್ಡ ಗುಂಡಿ ತೆಗೆದರು. ಸುತ್ತ ಬಸ್ಸು, ಜನ, ಪಕ್ಕದಲ್ಲೇ ದೊಡ್ಡ ರೈಲು ನಿಲ್ದಾಣ. ಇಷ್ಟರ ನಡುವೆ ಆ ಕೆಲಸ ನಡೆಯಿತು.

2016ರ ಏಪ್ರಿಲ್ ಕೊನೆಗೆ ಮೇಲಿನ ಅಂತಸ್ತಿನ ನೇರಳೆ ಮಾರ್ಗ ಕೂಡಿಕೊಂಡಿತು. 2017ರ ಜೂನ್‌ನಲ್ಲಿ ಕೆಳಗಿನ ಹಸಿರು ಮಾರ್ಗವೂ ದಕ್ಷಿಣದವರೆಗೆ ಓಡಿತು. ಅಂದು ನಾಲ್ಕು ದಿಕ್ಕಿನ ದಾರಿಗೆ ಒಂದೇ ಗಂಟು ಬಿತ್ತು. ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನೇ ಇಟ್ಟಿದ್ದಾರೆ.

ಅಜ್ಜ, ಅಜ್ಜಿಯರೇ, ಇನ್ನು ನಿಮಗೆ ಬೇಕಾದ ಮಾತು. ನಮ್ಮ ಕಡೆಯ ಬಸ್ಸು ತುಮಕೂರು ರಸ್ತೆಯಲ್ಲಿ ಬೆಂಗಳೂರು ಸೇರುವಾಗ ಕಿಟಕಿಯಾಚೆ ಎತ್ತರದಲ್ಲಿ ಮೆಟ್ರೊ ಓಡುವುದು ಕಾಣುತ್ತದೆ. ಅದೇ ಹಸಿರು ಮಾರ್ಗ. ಅದು ಮುಂದೆ ನೆಲದೊಳಗೆ ಇಳಿದು ಮೆಜೆಸ್ಟಿಕ್ ಮುಟ್ಟುತ್ತದೆ. ಅಲ್ಲಿ ಇಳಿದ ಮೇಲೆ ಮೂರು ಮಾತು ನೆನಪಿಡಿ.

ಒಂದು, ಮಾರ್ಗ ಬದಲಿಸಲು ಬೇರೆ ಟಿಕೆಟ್ ಬೇಡ. ಹೊರಗೆ ಬಿಡುವ ಗೇಟಿನ ಕಡೆ ಹೋಗಲೇಬೇಡಿ. ಒಳಗೇ ಇದ್ದು ನೇರಳೆಗೆ ಮೇಲೆ ಹತ್ತಿ, ಹಸಿರಿಗೆ ಕೆಳಗೆ ಇಳಿಯಿರಿ.

ಎರಡು, ಬಣ್ಣದ ಜೊತೆಗೆ ಕೊನೆಯ ನಿಲ್ದಾಣದ ಹೆಸರನ್ನೂ ಕೇಳಿಟ್ಟುಕೊಳ್ಳಿ. ನೇರಳೆಗೆ ಒಂದು ತುದಿ ವೈಟ್‌ಫೀಲ್ಡ್, ಇನ್ನೊಂದು ಚಲ್ಲಘಟ್ಟ. ಹಸಿರಿಗೆ ಒಂದು ತುದಿ ಮಾದಾವರ, ಇನ್ನೊಂದು ರೇಷ್ಮೆ ಸಂಸ್ಥೆ. ಫಲಕದಲ್ಲಿ ಕನ್ನಡದಲ್ಲೇ ಬರೆದಿರುತ್ತದೆ.

ಮೂರು, ಓಡುವ ಮೆಟ್ಟಿಲು ಅಂಜಿಕೆಯಾದರೆ ಲಿಫ್ಟ್ ಇದೆ. ನಾಚಿಕೆ ಬೇಡ, ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಮಕ್ಕಳೇ, ನಿಮಗೂ ಒಂದು ಮಾತು. ಪ್ಲಾಟ್‌ಫಾರಂನ ಹಳದಿ ಗೆರೆ ದಾಟಬೇಡಿ. ಈ ರೈಲಿಗೆ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದ ಮೂರನೇ ಹಳಿಯಲ್ಲೇ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಕೈಯಲ್ಲಿದ್ದ ಚೆಂಡು ಕೆಳಗೆ ಬಿದ್ದರೂ ಇಳಿಯಬಾರದು.

ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೊಳವೆಯ ನೀರು ಬಂತೆಂದು ಆ ಊರು ತನ್ನ ಕೆರೆಯನ್ನು ಮರೆಯಿತು. ಹೋದ ಕೆರೆ ಮತ್ತೆ ಬರಲಿಲ್ಲ. ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಇನ್ನೂ ಹಕ್ಕಿಗಳು ಬರುತ್ತವೆ. 2024ರ ಜನವರಿಯಲ್ಲಿ ಅದರ ಹೆಸರು ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಯಲ್ಲಿ ಪ್ರಕಟವಾಯಿತು. ಊರು ಬೆಳೆಯಲಿ, ರೈಲೂ ಬರಲಿ, ಕೆರೆಯೂ ಉಳಿಯಲಿ.

ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡ ಒಂದು ನೇರಳೆ ಗೆರೆ, ಉದ್ದ ಒಂದು ಹಸಿರು ಗೆರೆ ಎಳೆಯಿರಿ. ಕೂಡುವಲ್ಲಿ 'ಮೆಜೆಸ್ಟಿಕ್' ಎಂದು, ತುದಿಗಳಲ್ಲಿ ನಾಲ್ಕು ಹೆಸರು ದಪ್ಪಗೆ ಬರೆಯಿರಿ. ಮಡಚಿ ನಿಮ್ಮ ಅಜ್ಜನ ಜೇಬಿಗೋ ಅಜ್ಜಿಯ ಎಲೆಅಡಿಕೆ ಚೀಲಕ್ಕೋ ಹಾಕಿಡಿ.