"ಸ್ಪ್ಯಾಮ್ ನೋಡ್ರಿ ಸರ್" ಅನ್ನೋರಿಗೆ ಕೊನೇ ಕಂತು ಕೊಡಬೇಡ್ರಿ

ವೆಬ್‌ಸೈಟ್ ಮಾಡಿಕೊಡೋರ ಬಾಯಲ್ಲಿ ಒಂದು ಮಾತು ಯಾವಾಗ್ಲೂ ತಯಾರಿರ್ತೈತಿ. ಗಿರಾಕಿಗೆ ನಮ್ಮ ಇ-ಮೇಲ್ ಸಿಕ್ಕಿಲ್ಲ ಅಂದ ಕೂಡ್ಲೇ "ಸ್ಪ್ಯಾಮ್ ಫೋಲ್ಡರ್ ನೋಡಕ್ಕೆ ಹೇಳ್ರಿ ಸರ್" ಅಂತಾರೆ. ರೈತ ಮಿತ್ರರೇ, ಈ ಮಾತನ್ನ ಉತ್ತರ ಅಂತ ಒಪ್ಪಿಕೊಳ್ಳೋದು ನಾವು ಬಿಡಬೇಕು. ಬೆಂಗಳೂರಿನ ಗಿರಾಕಿ ನಮ್ಮ ಬಾಳೆಗೋಸ್ಕರ ಕಸದ ಬುಟ್ಟಿ ಯಾಕೆ ಕೆದರಬೇಕು?

ಹೊಸಪೇಟೆ, ಕಂಪ್ಲಿ ಕಡೆ ರೈತರ ಗುಂಪು ಇರಲಿ, ಹಂಪಿ ಹತ್ರ ಹೋಂಸ್ಟೇ ಇಟ್ಟವರು ಇರಲಿ, ಸಂಡೂರಲ್ಲಿ ಲಂಬಾಣಿ ಕಸೂತಿ ಮಾರೋ ಹೆಣ್ಮಕ್ಕಳಿರಲಿ, ಸೈಟ್ ಮಾಡಿಸುವಾಗ ನಾವೆಲ್ಲ ನೋಡೋದು ಮೊದಲ ಪುಟ. ಕಲ್ಲಿನ ರಥದ ಫೋಟೋ ಬಂತಾ, ತೋಟದ ವಿಡಿಯೋ ಓಡ್ತಾ, ಅಧ್ಯಕ್ಷರ ಮುಖ ಕಾಣ್ತಾ. ಆ ಸೈಟಿಂದ ಹೊರಗೆ ಹೋಗೋ ಕಾಗದ ಮುಟ್ಟಬೇಕಾದವರಿಗೆ ಮುಟ್ತೈತಾ ಅಂತ ಯಾರೂ ಕೇಳಲ್ಲ.

ರಾಯ ಕಾಲುವೆ, ಬಸವಣ್ಣ ಕಾಲುವೆ ನೀರಿನ ಮೇಲೆ ಬದುಕಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ತೂಬು ಎತ್ತಿದ ಮಾತ್ರಕ್ಕೆ ಕೊನೆ ಭಾಗದ ಗದ್ದೆ ನೆನೆಯಲ್ಲ. ಸೈಟಿನಲ್ಲಿ "ಕಳುಹಿಸಲಾಗಿದೆ" ಅಂತ ಬಂತು ಅಂದ್ರೆ ತೂಬು ಎತ್ತಿದ್ದಾರೆ ಅಂತ ಅರ್ಥ, ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಊರೂರಿಗೆ ಗೊತ್ತಾಯ್ತು. ಮೇಲ್ ತಪ್ಪಿದ್ರೆ ಸದ್ದೇ ಬರಲ್ಲ, ಕಳಿಸಿದವನಿಗೂ ಗೊತ್ತಾಗಲ್ಲ, ಕಾಯೋನಿಗೂ ಗೊತ್ತಾಗಲ್ಲ.

ನಮ್ಮ ಗುಂಪಿಗೆ ಆಗಿದ್ದೂ ಇದೇ. ಸುಗಂಧಿ ಬಾಳೆ ಕೇಳಿದ ಗಿರಾಕಿಗೆ ಸೈಟಿಂದ ರೇಟು, ತೂಕ ಎಲ್ಲ ಹೋಗಿತ್ತು. ಆತ ಒಪ್ಪಿಗೆ ಕೊಟ್ಟ ಮೇಲೆ ಗೊನೆ ಕಡಿಯೋದು ಅಂತ ಮಾತು. ಮೇಲ್ ಆತನ ಸ್ಪ್ಯಾಮಲ್ಲಿ ಬಿದ್ದಿತ್ತು. ಆತ "ಇವರಿಗೆ ಮಾರೋ ಮನಸ್ಸಿಲ್ಲ" ಅಂದುಕೊಂಡ, ನಾವು "ಆತನಿಗೆ ಬೇಡ" ಅಂದುಕೊಂಡ್ವಿ. ಗೊನೆ ಬಲಿತು ಗಿಡದಲ್ಲೇ ಹಣ್ಣಿಗೆ ತಿರುಗಿದ ಮೇಲೆ ದಲ್ಲಾಳಿ ಹೇಳಿದ್ದೇ ರೇಟು. ಸೈಟ್ ಮಾಡಿದಾತ ಹೇಳಿದ್ದು ಮಾತ್ರ ಅದೇ ಮಾತು: ಸ್ಪ್ಯಾಮ್ ನೋಡ್ರಿ ಸರ್.

ಸ್ಪ್ಯಾಮಿಗೆ ಬೀಳೋದು ಹಣೆಬರಹ ಅಲ್ಲ, ಅದಕ್ಕೆ ಕಾರಣ ಐತಿ. ಇ-ಮೇಲಿನಲ್ಲಿ "ಕಳಿಸಿದವರು" ಅನ್ನೋ ಜಾಗದಲ್ಲಿ ಯಾರು ಯಾರ ಹೆಸರು ಬೇಕಾದ್ರೂ ಬರೀಬಹುದು, ಲಕೋಟೆ ಹಿಂದೆ ಬರೆದಂಗೆ. ಅದಕ್ಕೇ ಜಿಮೇಲ್‌ನಂಥವರು ಪುರಾವೆ ಕೇಳ್ತಾರೆ. ನಾವು ಬೀಜ ತರುವಾಗ ಚೀಲದ ನೀಲಿ ಚೀಟಿ ನೋಡ್ತೀವಿ, ಸೀಲ್ ಒಡೆದೈತಾ ನೋಡ್ತೀವಿ. ಇದೂ ಹಂಗೇ. ಎಸ್‌ಪಿಎಫ್ ಅನ್ನೋದು ನಮ್ಮ ಹೆಸರಲ್ಲಿ ಕಾಗದ ಕಳಿಸೋಕೆ ಯಾವ ಯಾವ ಯಂತ್ರಕ್ಕೆ ಅಪ್ಪಣೆ ಐತಿ ಅನ್ನೋ ಪಟ್ಟಿ. ಡಿಕಿಮ್ ಅನ್ನೋದು ಸೀಲು, ದಾರಿಯಲ್ಲಿ ಯಾರಾದ್ರೂ ಕಾಗದ ತಿದ್ದಿದ್ರೆ ಒಡೆದು ಕಾಣ್ತೈತಿ. ಡಿಮಾರ್ಕ್ ಅಂದ್ರೆ, ಇವೆರಡೂ ನಮ್ಮ ಹೆಸರಿಗೆ ತಾಳೆ ಆಗದಿದ್ರೆ ಆ ಕಾಗದವನ್ನ ಏನು ಮಾಡಬೇಕು ಅಂತ ನಾವೇ ಬರೆದಿಡೋ ಸೂಚನೆ. ಮೂರೂ ನಮ್ಮ ಡೊಮೇನ್ ಹೆಸರಿನ ಡಿಎನ್‌ಎಸ್‌ನಲ್ಲಿ ಬರೆಯೋ ಸಾಲುಗಳು. ಬರೆಯೋದಕ್ಕೆ ಸರ್ಕಾರಕ್ಕೆ ಫೀಸಿಲ್ಲ, ಗೂಗಲ್‌ಗೂ ಫೀಸಿಲ್ಲ. ಗೊತ್ತಿದ್ದವರಿಗೆ ಒಂದು ಮಧ್ಯಾಹ್ನದ ಕೆಲಸ. ಆ ಒಂದು ಮಧ್ಯಾಹ್ನ ಉಳಿಸಿಕೊಂಡು ನಮ್ಮ ಬೆಳೆ ಕಳೀತಾರೆ ಅನ್ನೋದೇ ನನ್ನ ಸಿಟ್ಟು.

ಇದೇನು ನಿನ್ನೆ ಬಂದ ಕಾನೂನೂ ಅಲ್ಲ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಬೇರೆ ಆ್ಯಪ್‌ಗಳು ಜಿಮೇಲ್ ಖಾತೆಗೆ ನುಗ್ಗೋದನ್ನ ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಆಮೇಲೆ 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿದವು. "ಅದು ದಿನಕ್ಕೆ 5,000 ಮೇಲ್ ಕಳಿಸೋರಿಗೆ ಸರ್, ನಿಮಗಲ್ಲ" ಅಂತಾರೆ. ಅರ್ಧ ಸತ್ಯ. ಮೂರೂ ಕಡ್ಡಾಯ ಆಗಿರೋದು ದೊಡ್ಡವರಿಗೆ, ಆದ್ರೆ ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದಾದ್ರೂ ಸಣ್ಣವರಿಗೂ ಬೇಕೇ ಬೇಕು. ಮೂರೂ ಇದ್ರೆ ನಮಗೇ ಒಳ್ಳೇದು.

ಇನ್ನೂ ಎರಡು ಸೋಮಾರಿತನ ಐತಿ. ಗಿರಾಕಿ ಸೈಟಿನ ಫಾರ್ಮ್ ತುಂಬಿದಾಗ ಅದು ಗಿರಾಕಿಯ ಜಿಮೇಲ್ ವಿಳಾಸದಿಂದಲೇ ಬಂದಂಗೆ ನಮಗೆ ಕಳಿಸೋದು ಒಂದು. ಅದು ಸುಳ್ಳು ಸಹಿ, ಹಿಡಿಯೋರು ಹಿಡೀತಾರೆ. ಕಳಿಸಿದವರ ಜಾಗದಲ್ಲಿ ನಮ್ಮ ಡೊಮೇನ್ ವಿಳಾಸ ಇರಬೇಕು, ಉತ್ತರ ಹೋಗೋ ಜಾಗದಲ್ಲಿ ಗಿರಾಕಿಯದು. ಇನ್ನೊಂದು, ಹಳೇ ಎಸ್‌ಪಿಎಫ್ ಸಾಲು ಹಂಗೇ ಬಿಟ್ಟು ಪಕ್ಕದಲ್ಲಿ ಹೊಸದು ಬರೆಯೋದು. ಒಂದು ಹೆಸರಿಗೆ ಒಂದೇ ಸಾಲು. ಎರಡಿದ್ರೆ ಎರಡೂ ಕೆಟ್ಟಂಗೆ.

"ವಾಟ್ಸಾಪ್ ಐತಲ್ಲ, ಇದೆಲ್ಲ ಯಾಕೆ ಕಾಕಾ?" ಅಂತ ಹುಡುಗರು ಕೇಳ್ತಾರೆ. ಗುರುತಿನ ಗಿರಾಕಿಗೆ ವಾಟ್ಸಾಪ್ ಸಾಕು, ನಾನೂ ಅದರಲ್ಲೇ ಮಾರ್ತೀನಿ. ಆದ್ರೆ ದೊಡ್ಡ ಹೋಟೆಲು, ಕಂಪನಿಗಳಿಗೆ ಖರೀದಿ ಆರ್ಡರು, ಬಿಲ್ಲು ಮೇಲಲ್ಲೇ ಬೇಕು. ಮತ್ತೆ ವಾಟ್ಸಾಪ್ ಇರೋದು ಒಬ್ಬ ಕಾರ್ಯದರ್ಶಿಯ ಸಿಮ್‌ನಲ್ಲಿ. ಆತ ಗುಂಪು ಬಿಟ್ರೆ ಗಿರಾಕಿಗಳೂ ಆತನ ಜೇಬಲ್ಲೇ ಹೋದಂಗೆ.

ಅದಕ್ಕೆ, ಸೈಟ್ ಮಾಡಿಸೋರು ಕೊನೇ ಕಂತು ಕೈಯಲ್ಲಿ ಹಿಡ್ಕೊಂಡೇ ಕೂತ್ಕೊಳ್ರಿ. ಅವರ ಎದುರಿಗೇ ಸೈಟಿಂದ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಕಳಿಸ್ರಿ. ಕಂಪ್ಯೂಟರಲ್ಲಿ ಅದನ್ನ ತೆಗೆದು, ಮೂಲೆಯ ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಅಂತ ಕೊಡ್ರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ "ಪಾಸ್" ಅಂತ ಇರಬೇಕು. ಅಲ್ಲಿಗೇ ಬಿಡಬೇಡ್ರಿ, ಯಾಹೂ, ಔಟ್‌ಲುಕ್ ಇಟ್ಟಿರೋ ಪರಿಚಯದವರಿಗೂ ಒಂದೊಂದು ಕಳಿಸಿ, ಇನ್‌ಬಾಕ್ಸಿಗೇ ಬಂತಾ ಅಂತ ಫೋನ್ ಮಾಡಿ ಕೇಳ್ರಿ. ಪಾಸ್ ಆದ ಮೇಲೂ ಒಮ್ಮೊಮ್ಮೆ ಸ್ಪ್ಯಾಮಿಗೆ ಹೋಗಬಹುದು. ಅಗ್ಗದ ಹೋಸ್ಟಿಂಗ್‌ನಲ್ಲಿ ನಮ್ಮ ಯಂತ್ರದಲ್ಲೇ ಕೂತ ಬೇರೆ ಯಾರೋ ಕಸ ಕಳಿಸಿದ್ರೂ ನಮಗೂ ಕೆಟ್ಟ ಹೆಸರು. ಆಗ ಮೇಲ್ ಕಳಿಸೋದಕ್ಕೇ ಇರೋ ಸೇವೆ ಹಾಕಿಸಿ ಅಂತ ಕೇಳ್ರಿ.

ಡೊಮೇನ್ ಯಾರ ಹೆಸರಲ್ಲಿ ಐತಿ ಅಂತಲೂ ಅವತ್ತೇ ನೋಡ್ರಿ. ಸೈಟ್ ಮಾಡಿದಾತನ ಹೆಸರಲ್ಲಿದ್ರೆ ಪಹಣಿ ಇನ್ನೊಬ್ಬರ ಹೆಸರಲ್ಲಿಟ್ಟು ಉಳುಮೆ ಮಾಡಿದಂಗೆ. ಗುಂಪಿನ ಹೆಸರಿಗೆ ಮಾಡಿಸಿ, ಡಿಎನ್‌ಎಸ್ ಪಾಸ್‌ವರ್ಡ್ ಠರಾವು ಪುಸ್ತಕದ ಜೊತೆ ಬೀರುವಿನಲ್ಲಿಡ್ರಿ. ಇಷ್ಟು ಆದ ಮೇಲೆ ಕಂತು ಎಣಿಸಿ ಕೊಡ್ರಿ.